ಸ್ಟುಡಿಯೋ ಲೈಟ್ ಈಗಷ್ಟೇ ಕಲೀತಿದ್ದೀನಿ, ಕಪ್ಪು ಕುಪ್ಯ ಹಾಕಿರೋ ಅಜ್ಜನ ಪೋರ್ಟ್ರೇಟ್‌ಗೆ ಲೈಟ್ ಎಲ್ಲಿಡೋದು?

ತೋಟದಮನೆ ಹುಡ್ಗ (ವಿರಾಜಪೇಟೆ ಕಡೆ):

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಕ್ಯಾಮೆರಾ ಹಿಡ್ಕೊಂಡು ಹಕ್ಕಿ, ಮಂಜು, ಕಾಫಿ ಹೂವು ಅಂತ ತೋಟದಲ್ಲಿ ಅಲೀತಿದ್ದೆ, ಈಗ ಮನುಷ್ಯರ ಫೋಟೋ ಕಲಿಯೋಣ ಅಂತ ಹೊರಟಿದ್ದೀನಿ. ಕೈಲ್ ಮುಹೂರ್ತಕ್ಕೆ (ಕೊಡವರ ಆಯುಧ ಪೂಜೆ ಹಬ್ಬ) ಮನೆಯವ್ರೆಲ್ಲ ಸೇರ್ತಾರೆ, ಅಜ್ಜ ಕುಪ್ಯಚೇಲೆ (ಉದ್ದನೆ ಕೋಟು, ಸೊಂಟಕ್ಕೆ ಕಟ್ಟೋ ಪಟ್ಟಿ) ಹಾಕ್ಕೊಂಡು ಕೂರ್ತಾರೆ, ಅಜ್ಜಿ ಕೊಡವ ಸೀರೆ ಉಟ್ಟು ತಲೆಗೆ ವಸ್ತ್ರ ಕಟ್ಕೋತಾರೆ, ಆವತ್ತು ಇಬ್ರದ್ದೂ ಗೋಡೆಗೆ ಹಾಕೋ ತರ ಒಂದೊಂದು ಪೋರ್ಟ್ರೇಟ್ ತೆಗೀಬೇಕು ಅಂತ ಆಸೆ.

ನನ್ ಹತ್ರ ಇರೋದು ಕ್ರಾಪ್ ಸೆನ್ಸರ್ ಕ್ಯಾನನ್, 50 ಎಂಎಂ ಎಫ್ 1.8 ಲೆನ್ಸು, ಗೋಡಾಕ್ಸ್ ಟಿಟಿ600 ಫ್ಲಾಶ್ ಒಂದು, ಅದನ್ನ ದೂರದಿಂದ ಹೊಡೆಸೋಕೆ ಎಕ್ಸ್2ಟಿ ಟ್ರಿಗರ್, ಒಂದು ಸ್ಟ್ಯಾಂಡು, ಬೆಳಕು ಮೃದು ಮಾಡೋ 80 ಸೆಂಟಿಮೀಟರ್ ಸಾಫ್ಟ್‌ಬಾಕ್ಸು. ವಿಡಿಯೋ ನೋಡಿ ನೋಡಿ ತಲೆ ಗಿರ್ರಂತಿದೆ, ಒಬ್ಬ ಮೂರು ಲೈಟ್ ಬೇಕು ಅಂತಾನೆ ಇನ್ನೊಬ್ಬ ನಾಲ್ಕು ಅಂತಾನೆ.

ಈಗ ಆಗ್ತಿರೋದು ಏನಂದ್ರೆ, ಕೆಲವು ಫೋಟೋದಲ್ಲಿ ಕೆಳಗಡೆ ಕರ್ರಗೆ ಒಂದು ಪಟ್ಟಿ ಬರ್ತಿದೆ. ಅಜ್ಜನ ಹಿಂದೆ ಗೋಡೆ ಮೇಲೆ ದೊಡ್ಡ ನೆರಳು ಬೀಳ್ತಿದೆ. ನಮ್ಮನೆ ಹಾಲಲ್ಲಿ ಗೋಡೆಗೆ ಕಪ್ಪು ಬೀಟೆ ಮರದ ಹಲಗೆ, ಅದರ ಮುಂದೆ ಕಪ್ಪು ಕುಪ್ಯ ಹಾಕಿ ಕೂತ್ರೆ ಮುಖ, ಚೇಲೆ, ಸೊಂಟಕ್ಕೆ ಸಿಕ್ಕಿಸೋ ಪೀಚೆ ಕತ್ತಿ ಇಷ್ಟೇ ಕಾಣೋದು, ಭುಜ ಎಲ್ಲಿ ಮುಗೀತು ಗೋಡೆ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ. ಕನ್ನಡಕದಲ್ಲಿ ಬೇರೆ ಸಾಫ್ಟ್‌ಬಾಕ್ಸ್ ಪೂರ್ತಿ ಕಾಣುತ್ತೆ. ಇನ್ನೊಂದು ಎಲ್ಇಡಿ ತಗೋಬೇಕಾ ಅಥವಾ ಇದರಲ್ಲೇ ಆಗುತ್ತಾ? ಮಳೆಗೆ ಕರೆಂಟಿನ ಕಥೆ ಗೊತ್ತಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಕೊಂಡು ಹೇಳಿ.

ಹಳೇ ಡಾರ್ಕ್‌ರೂಮ್ (ಕುಶಾಲನಗರ):

ಒಂದ್ ಲೈಟ್ ಸಾಕು. ನಾಲ್ಕು ಲೈಟ್ ಅಂದವನನ್ನ ಅಲ್ಲೇ ಬಿಡಿ, ಒಂದು ಲೈಟ್ ಏನ್ ಮಾಡ್ತಿದೆ ಅಂತ ಗೊತ್ತಿಲ್ದೆ ಎರಡನೇದು ಹಚ್ಚಿದ್ರೆ ಯಾವ ನೆರಳು ಯಾವುದರದ್ದು ಅಂತ ಹುಡುಕ್ತಾ ಕೂರ್ಬೇಕಾಗುತ್ತೆ.

ಮೊದಲು ಆ ಕಪ್ಪು ಪಟ್ಟಿ. ಅದು ಶಟರ್ ಸ್ಪೀಡಿಂದ ಬರೋದು. ನಿಮ್ ಕ್ಯಾಮೆರಾದಲ್ಲಿ ಶಟರ್‌ಗೆ ಎರಡು ಪರದೆ, ಒಂದು ತೆರೆಯುತ್ತೆ ಇನ್ನೊಂದು ಮುಚ್ಚುತ್ತೆ. ಒಂದು ಮಿತಿವರೆಗೆ, ಸಾಮಾನ್ಯವಾಗಿ 1/200 ಇಲ್ಲಾಂದ್ರೆ 1/250 ಸೆಕೆಂಡ್, ಎರಡೂ ಪರದೆ ಸರಿದು ಸೆನ್ಸರ್ ಪೂರ್ತಿ ತೆರೆದಿರೋ ಒಂದು ಗಳಿಗೆ ಸಿಗುತ್ತೆ, ಫ್ಲಾಶ್ ಹೊಡೆಯೋದು ಆವಾಗ. ಅದಕ್ಕಿಂತ ಜಾಸ್ತಿ ಸ್ಪೀಡ್ ಇಟ್ರೆ ಮೊದಲನೇದು ಪೂರ್ತಿ ತೆರೆಯೋ ಮುಂಚೆನೇ ಎರಡನೇದು ಮುಚ್ಚೋಕೆ ಶುರು ಮಾಡಿರುತ್ತೆ, ಆ ಪರದೆ ಮರೇಲಿರೋ ಜಾಗಕ್ಕೆ ಫ್ಲಾಶ್ ಬೆಳಕು ತಲುಪಲ್ಲ, ಕರ್ರಗೆ ಪಟ್ಟಿ. ಕ್ಯಾಮೆರಾ ಮ್ಯಾನ್ಯುಯಲ್‌ಗೆ ಹಾಕಿ 1/160 ಇಟ್ಟು ಮರ್ತುಬಿಡಿ.

ಈಗ ಕೆಲಸ. ಹಾಲಿನ ಟ್ಯೂಬ್‌ಲೈಟು, ಬಲ್ಬು ಎಲ್ಲಾ ಆರಿಸಿ. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸೋ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6, ಶಟರ್ 1/160, ಫ್ಲಾಶ್ ಆಫ್ ಮಾಡಿ ಒಂದು ಫೋಟೋ ಹೊಡೀರಿ. ಪೂರ್ತಿ ಕಪ್ಪಾಗಿ ಬರ್ಬೇಕು, ಏನೂ ಕಾಣಬಾರ್ದು. ಬಂತಾ, ಆಗ ಆ ಕೋಣೆ ನಿಮ್ ಕೈಯಲ್ಲಿದೆ ಅಂತ ಅರ್ಥ, ಇನ್ಮೇಲೆ ಏನ್ ಕಂಡ್ರೂ ನಿಮ್ ಫ್ಲಾಶಿಂದ ಬಂದಿದ್ದು. ಮನೆ ಬಲ್ಬು ಹಳದಿ, ಫ್ಲಾಶ್ 5600 ಕೆಲ್ವಿನ್ ಆಸುಪಾಸು ಬಿಳಿ, ಎರಡೂ ಸೇರಿದ್ರೆ ಒಂದ್ ಕೆನ್ನೆ ಅರಿಶಿನ ಒಂದ್ ಕೆನ್ನೆ ಬಿಳಿ ಆಗಿ ಆಮೇಲೆ ಕಂಪ್ಯೂಟರಲ್ಲಿ ಏನ್ ಮಾಡಿದ್ರೂ ಸರಿಹೋಗಲ್ಲ, ಅದಕ್ಕೂ ಈ ಆರಿಸೋದು ಒಳ್ಳೇದು. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಫ್ಲಾಶ್ ಗುರುತಿಗೆ ಇಡಿ.

ಆಮೇಲೆ ಸಾಫ್ಟ್‌ಬಾಕ್ಸ್ ತಂದು ಅಜ್ಜನ ಮೂಗಿನ ನೇರದಿಂದ 45 ಡಿಗ್ರಿ ಪಕ್ಕಕ್ಕೆ, ಅವರ ತಲೆಗಿಂತ ಸ್ವಲ್ಪ ಮೇಲೆ, ಕೆಳಗೆ ನೋಡೋ ಹಾಗೆ ಬಾಗಿಸಿ ಇಡಿ. ದೂರ ಒಂದು ಮೀಟರ್, ಮೂರಡಿ ಅಂದ್ಕೊಳ್ಳಿ. ಫ್ಲಾಶ್ ಪವರ್ 1/8 ಇಂದ ಶುರು ಮಾಡಿ. ಕತ್ತಲಾದ್ರೆ 1/4, ಬೆಳಕು ಜಾಸ್ತಿ ಆದ್ರೆ 1/16. ಒಂದು ವಿಷಯ ಗಟ್ಟಿಯಾಗಿ ತಲೇಲಿ ಇಟ್ಕೊಳ್ಳಿ, ಫ್ಲಾಶಿನ ಬೆಳಕನ್ನ ಶಟರ್ ಸ್ಪೀಡ್ ಹೆಚ್ಚುಕಮ್ಮಿ ಮಾಡಲ್ಲ. ಫ್ಲಾಶ್ ಹೊಡೆದು ಆರೋದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ಶಟರ್ ಅದಕ್ಕಿಂತ ಎಷ್ಟೋ ಹೊತ್ತು ತೆರೆದೇ ಇರುತ್ತೆ. ಫ್ಲಾಶಿಗೆ ಅಪರ್ಚರ್, ಐಎಸ್‌ಒ, ಪವರ್, ದೂರ. ಶಟರ್ ಇರೋದು ಕಿಟಕಿ, ಬಲ್ಬು, ಹೊರಗಿನ ಬೆಳಕಿಗೆ.

ಮೂಗಿನ ನೆರಳು ನೋಡೋದು ಅಭ್ಯಾಸ ಮಾಡ್ಕೊಳ್ಳಿ, ಲೈಟ್ ಎಲ್ಲಿದೆ ಅಂತ ಅದೇ ಹೇಳುತ್ತೆ. ನೆರಳು ಮೂಗಿನ ಪಕ್ಕ ಚಿಕ್ಕದಾಗಿ ಕೆಳಗೆ ಇಳಿದಿದ್ರೆ ಅದಕ್ಕೆ ಲೂಪ್ ಅಂತಾರೆ, ಹೆಚ್ಚುಕಮ್ಮಿ ಎಲ್ಲಾ ಮುಖಕ್ಕೂ ಒಪ್ಪುತ್ತೆ. ಲೈಟನ್ನ ಇನ್ನೂ ಪಕ್ಕಕ್ಕೆ, ಇನ್ನೂ ಮೇಲಕ್ಕೆ ತಗೊಂಡ್ರೆ ಮೂಗಿನ ನೆರಳು ಕೆನ್ನೆ ನೆರಳಿಗೆ ಸೇರಿ ಕತ್ತಲ ಕೆನ್ನೆ ಮೇಲೆ ಒಂದು ತ್ರಿಕೋನದ ಬೆಳಕು ಉಳಿಯುತ್ತೆ, ಅದು ರೆಂಬ್ರಾಂಟ್, 17ನೇ ಶತಮಾನದ ಡಚ್ ಚಿತ್ರಕಾರನ ಹೆಸರು ಅದಕ್ಕೆ. ಅಜ್ಜಂಗೆ ಅದು ಚೆನ್ನಾಗಿರುತ್ತೆ, ಮೀಸೆ ಇದ್ರಂತೂ ಕೇಳ್ಬೇಡಿ. ಅಜ್ಜಿಗೆ ಲೈಟ್ ಮುಖದ ಎದುರಿಗೇ ಸ್ವಲ್ಪ ಮೇಲೆ ಇಟ್ಟು ನೋಡಿ, ಮೂಗಿನ ಕೆಳಗೆ ಚಿಟ್ಟೆ ತರ ನೆರಳು ಬರುತ್ತೆ, ಸುಕ್ಕು ಅಷ್ಟು ಎದ್ದು ಕಾಣಲ್ಲ. ಸುಕ್ಕು ಕಾಣಬಾರ್ದು ಅನ್ನೋದು ನನ್ ಮಾತಲ್ಲ, ಅಜ್ಜಿಯಂದ್ರು ಹೇಳ್ತಾರೆ.

ಕಣ್ಣಲ್ಲಿ ಲೈಟಿನ ಚುಕ್ಕೆ ಕಾಣ್ಬೇಕು, ಗಡಿಯಾರದ 10 ಅಥವಾ 2 ಗಂಟೆ ಜಾಗದಲ್ಲಿ. ಕಾಣ್ತಿಲ್ಲ ಅಂದ್ರೆ ಲೈಟ್ ತುಂಬಾ ಮೇಲಿದೆ.

ಗೋಡೆ ಮೇಲಿನ ನೆರಳಿಗೆ ಔಷಧಿ ದೂರ. ಕುರ್ಚಿನ ಗೋಡೆಯಿಂದ ಐದಾರು ಅಡಿ ಮುಂದಕ್ಕೆ ಎಳೀರಿ, ನೆರಳು ಕೆಳಗೆ ನೆಲಕ್ಕೆ ಬೀಳುತ್ತೆ, ಫ್ರೇಮಿಂದಾಚೆ.

ಮೋಡ ಮಡಿಕೇರಿ:

ಡಾರ್ಕ್‌ರೂಮ್ ಸರ್ ಹೇಳಿದ್ದು ಸರಿ ಇರ್ಬೋದು ಆದ್ರೆ ಹೊಸಬರಿಗೆ ಫ್ಲಾಶ್ ಅಂದ್ರೆ ಕತ್ತಲಲ್ಲಿ ಕಲ್ಲು ಹೊಡೆದಂಗೆ, ಹೊಡೆದ ಮೇಲೇನೇ ಗೊತ್ತಾಗೋದು ಎಲ್ಲಿ ಬಿತ್ತು ಅಂತ. ನಾನಂತೂ 60 ವ್ಯಾಟಿನ ಎಲ್ಇಡಿ ಸಿಒಬಿ ಲೈಟ್ (ಯಾವಾಗ್ಲೂ ಉರಿಯೋ ಲೈಟು) ತಗೊಂಡೆ, ಲೈಟ್ ಸರಿಸ್ದಂಗೆ ಮುಖದ ಮೇಲೆ ನೆರಳು ಸರಿಯೋದು ಕಣ್ಣಿಗೇ ಕಾಣುತ್ತೆ, ರೆಂಬ್ರಾಂಟ್ ಲೂಪ್ ಎಲ್ಲಾ ಹತ್ತು ನಿಮಿಷದಲ್ಲಿ ಅರ್ಥ ಆಗುತ್ತೆ. ವಿಡಿಯೋಗೂ ಆಗುತ್ತೆ. ವಯಸ್ಸಾದವ್ರು ಫ್ಲಾಶ್ ಹೊಡೆದಾಗೆಲ್ಲ ಕಣ್ಣು ಮುಚ್ಕೋತಾರೆ, ಎಲ್ಇಡಿಗೆ ಆ ಗಲಾಟೆ ಇಲ್ಲ. ತಗೊಳೋದಾದ್ರೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ತೋರ್ಸುತ್ತೆ ಅನ್ನೋ ಅಂಕ) 95ಕ್ಕಿಂತ ಮೇಲಿರೋದು ನೋಡಿ ತಗೊಳ್ಳಿ, ಕಮ್ಮಿ ಇದ್ರೆ ಚರ್ಮದ ಬಣ್ಣ ಸತ್ತೋದಂಗೆ ಬರುತ್ತೆ. ಬೋವನ್ಸ್ ಮೌಂಟ್ (ಸಾಫ್ಟ್‌ಬಾಕ್ಸ್ ಸಿಕ್ಕಿಸೋ ಸಾಮಾನ್ಯ ಕೊಂಡಿ) ಇರೋದೇ ಆಗ್ಲಿ, ಆಗ ಸಾಫ್ಟ್‌ಬಾಕ್ಸ್ ಬೇರೆ ಬೇರೆ ತಗೊಳೋ ಖರ್ಚು ಉಳಿಯುತ್ತೆ.

ಹಳೇ ಡಾರ್ಕ್‌ರೂಮ್:

ಕಲಿಯೋಕೆ ಎಲ್ಇಡಿ ಒಳ್ಳೇದು, ಒಪ್ಪಿದೆ. ಆದ್ರೆ ಅವರು ತಗೊಂಡಾಗಿದೆಯಲ್ಲ ಫ್ಲಾಶು, ಇನ್ನೊಂದಷ್ಟು ಸಾವಿರ ಯಾಕೆ ಸುರೀಬೇಕು ಅಂತ. ಮತ್ತೆ ಬಲದ ಲೆಕ್ಕ ನೋಡಿ. 60 ವ್ಯಾಟ್ ಅಂದ್ರೆ ಸೆಕೆಂಡಿಗೆ 60 ಜೂಲ್. ಶಟರ್ 1/125 ತೆರೆದ್ರೆ ನಿಮಗೆ ಸಿಗೋದು ಅರ್ಧ ಜೂಲಿಗೂ ಸ್ವಲ್ಪ ಕಮ್ಮಿ. ನಿಮ್ ಟಿಟಿ600 ತರದ ಸ್ಪೀಡ್‌ಲೈಟು ಫುಲ್ ಪವರಲ್ಲಿ ಒಂದೇ ಸಲಕ್ಕೆ ಹತ್ತಾರು ಜೂಲ್ ಸುರಿಯುತ್ತೆ. ಎಲ್ಇಡಿ ಕರೆಂಟನ್ನ ಬೆಳಕು ಮಾಡೋದ್ರಲ್ಲಿ ಚುರುಕು ಅಂತ ಅದಕ್ಕೆ ಸ್ವಲ್ಪ ಜಾಸ್ತಿ ಮಾರ್ಕ್ಸ್ ಕೊಟ್ರೂ ಅಂತರ ದೊಡ್ಡದೇ. ಅದಕ್ಕೇ ಎಲ್ಇಡಿಯಲ್ಲಿ ಎಫ್ 2.8, ಐಎಸ್‌ಒ 800 ಅಂತ ಹೋಗ್ಬೇಕಾಗುತ್ತೆ, ಫ್ಲಾಶಲ್ಲಿ ಐಎಸ್‌ಒ 100 ಇಟ್ಟು ಎಫ್ 8ರಲ್ಲಿ ಆರಾಮಾಗಿ ತೆಗೀಬೋದು. ಕೂದಲು, ಕುಪ್ಯದ ನೇಯ್ಗೆ, ಪೀಚೆ ಕತ್ತಿ ಹಿಡಿ ಮೇಲಿನ ಬೆಳ್ಳಿ ಕೆಲಸ ಎಲ್ಲಾ ಚೂಪಾಗಿ ಬರ್ಬೇಕಂದ್ರೆ ಅದು ಬೇಕು.

ಇನ್ನೂ ಒಂದು, ನಿಮ್ ಎಲ್ಇಡಿಗೆ ಗೋಡೆ ಪ್ಲಗ್ಗು ಬೇಕು. ಅವ್ರು ಜೂನಲ್ಲಿ, ಜುಲೈನಲ್ಲಿ ಅಭ್ಯಾಸ ಮಾಡೋದು ಯಾವಾಗ?

ಮೋಡ ಮಡಿಕೇರಿ:

ಹಹ್ಹ ಅದು ನಿಜ. ಮೊನ್ನೆ ಮರ ಬಿದ್ದು ನಮ್ಮ ಬೀದಿಗೆ ಕರೆಂಟಿಲ್ದೆ ಎಲ್ಇಡಿ ಮೂಲೇಲಿ ಕೂತಿತ್ತು. ಆದ್ರೂ ನಾನು ಎಲ್ಇಡಿ ಪಾರ್ಟಿನೇ.

ಗೋಣಿಕೊಪ್ಪ ಫ್ರೇಮ್ಸ್:

ಮದುವೆ ಫೋಟೋ ನನ್ನ ಕೆಲಸ, ಕುಪ್ಯದ ಬಗ್ಗೆ ಮಾತ್ರ ಹೇಳ್ತೀನಿ ಯಾಕಂದ್ರೆ ಹೊರಗಿನ ವಿಡಿಯೋಗಳಲ್ಲಿ ಅದು ಸಿಗಲ್ಲ.

ಕಪ್ಪು ಬಟ್ಟೆ ಬೆಳಕನ್ನ ಕುಡಿಯುತ್ತೆ, ವಾಪಸ್ ಕೊಡಲ್ಲ. ಕುಪ್ಯ ಕಾಣ್ಲಿ ಅಂತ ಎಲ್ಲಾ ಬೆಳಕು ಜಾಸ್ತಿ ಮಾಡಿದ್ರೆ ಮುಖ ಸುಣ್ಣ ಬಳಿದಂಗಾಗುತ್ತೆ. ಕ್ಯಾಮೆರಾನ ಆಟೋದಲ್ಲಿ ಬಿಟ್ರೆ ಅದೂ ಇದೇ ಕೆಲಸ ಮಾಡೋದು, ಫ್ರೇಮ್ ತುಂಬಾ ಕಪ್ಪು ಕಂಡು ಅಯ್ಯೋ ಕತ್ತಲೆ ಅಂತ ಎಕ್ಸ್‌ಪೋಶರ್ ಏರಿಸುತ್ತೆ. ಮದುಮಗ ಬಿಳಿ ಕುಪ್ಯದಲ್ಲಿ ಬಂದಾಗ ಅದಕ್ಕೆ ಉಲ್ಟಾ, ಮುಖ ಕಪ್ಪಗೆ. ಹಾಗಾಗಿ ಎಕ್ಸ್‌ಪೋಶರ್ ಯಾವಾಗ್ಲೂ ಮುಖಕ್ಕೆ, ಮ್ಯಾನ್ಯುಯಲ್‌ನಲ್ಲಿ. ಹೈಲೈಟ್ ಬ್ಲಿಂಕ್ (ಬೆಳಕು ಮಿತಿಮೀರಿದ ಜಾಗ ಪರದೇಲಿ ಮಿಣುಕೋದು) ಆನ್ ಮಾಡಿ ಇಟ್ಕೊಳ್ಳಿ, ಹಣೆ ಕೆನ್ನೆ ಮಿಣುಕಿದ್ರೆ ಪವರ್ ಇಳಿಸಿ, ಬೆಳ್ಳಿ ಮೇಲೆ ಒಂದೆರಡು ಚುಕ್ಕೆ ಮಿಣುಕಿದ್ರೆ ತಲೆ ಕೆಡಿಸ್ಕೋಬೇಡಿ. ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಉಳಿಸೋ ಫೈಲು) ತೆಗೀರಿ, ಕುಪ್ಯದ ಮಡಿಕೆ ಆಮೇಲೆ ಸ್ವಲ್ಪ ಎತ್ಕೋಬೋದು.

ಭುಜ ಗೋಡೆ ಒಂದಾಗೋದಕ್ಕೆ ಮೂರು ದಾರಿ ಇದೆ, ನನಗೆ ಇಷ್ಟ ಆಗೋದು ಮೂರನೇದು.

ಒಂದು, ಹಿನ್ನೆಲೆನೇ ಬದಲಾಯಿಸೋದು, ತಿಳಿ ಬೂದು ಬಣ್ಣದ ಬಟ್ಟೆ ಕಟ್ಟಿ. ಬಿಳಿ ಬೇಡ, ಪಾಸ್‌ಪೋರ್ಟ್ ಫೋಟೋ ತರ ಆಗ್ಬಿಡುತ್ತೆ. ಎರಡು, ಹಿನ್ನೆಲೆಗೆ ಜಾಸ್ತಿ ಬೆಳಕು ಹೋಗೋ ಹಾಗೆ ಲೈಟನ್ನ ಹಿಂದಕ್ಕೆ ತಗೊಳ್ಳೋದು. ಇದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತೆ ಆದ್ರೆ ಲೆಕ್ಕ ಸುಲಭ, ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಲೈಟಿಂದ ಮುಖಕ್ಕೆ ಮೂರಡಿ, ಮುಖದಿಂದ ಗೋಡೆಗೆ ಇನ್ನು ಮೂರಡಿ ಅಂತಿಟ್ಕೊಳ್ಳಿ, ಗೋಡೆಗೆ ಹೋಗೋದು ಮುಖಕ್ಕೆ ಬೀಳೋದರ ಕಾಲು ಭಾಗ. ಅದೇ ಲೈಟನ್ನ ಆರಡಿಗೆ ತಗೊಂಡೋದ್ರೆ ಗೋಡೆಗೆ ಒಂಬತ್ತಡಿ, ಈಗ ಮುಖದ ಬೆಳಕಿನ ನೂರಕ್ಕೆ 44ರಷ್ಟು ಗೋಡೆಗೂ ಸಿಗುತ್ತೆ. ಪವರ್ ಎರಡು ಸ್ಟಾಪ್ (ಅಂದ್ರೆ ನಾಲ್ಕರಷ್ಟು) ಏರಿಸ್ಬೇಕು, ಮತ್ತೆ ದೂರ ಹೋದಷ್ಟೂ ಸಾಫ್ಟ್‌ಬಾಕ್ಸ್ ಚಿಕ್ಕದಾದಂಗೆ, ನೆರಳಿನ ಅಂಚು ಗಡಸಾಗುತ್ತೆ. ಅಜ್ಜಂಗೆ ಗಡಸು ನಡೆಯುತ್ತೆ ಬಿಡಿ.

ಮೂರನೇದು ಕಿಟಕಿ. ಹಗಲಲ್ಲಿ ತೆಗೀರಿ, ಅಜ್ಜನ್ನ ಹೇಗೆ ಕೂರಿಸ್ಬೇಕು ಅಂದ್ರೆ ಕಿಟಕಿ ಅವರ ಹಿಂದೆ ಒಂದು ಪಕ್ಕಕ್ಕೆ ಇರ್ಬೇಕು, ಫ್ರೇಮಲ್ಲಿ ಕಾಣಬಾರ್ದು, ಸಾಫ್ಟ್‌ಬಾಕ್ಸ್ ಮುಂದೆ ಎದುರು ಪಕ್ಕದಲ್ಲಿ. ಈಗ ಶಟರನ್ನ 1/160 ಇಂದ 1/60ಕ್ಕೆ, ಬೇಕಾದ್ರೆ 1/30ಕ್ಕೆ ಇಳಿಸ್ತಾ ಹೋಗಿ, 1/30ಕ್ಕೆ ಟ್ರೈಪಾಡ್ ಹಾಕಿ. ಡಾರ್ಕ್‌ರೂಮ್ ಸರ್ ಹೇಳಿದ್ರಲ್ಲ ಶಟರ್ ಇರೋದು ಹೊರಗಿನ ಬೆಳಕಿಗೆ ಅಂತ, ಮುಖದ ಬೆಳಕು ಅಲ್ಲಾಡಲ್ಲ, ಕಿಟಕಿ ಬೆಳಕು ಮಾತ್ರ ಮೆಲ್ಲಗೆ ಏರಿ ಭುಜದ ಅಂಚಲ್ಲಿ, ಮಂಡೆ ತುಣಿ (ಪೇಟ) ಅಂಚಲ್ಲಿ ಒಂದು ಗೆರೆ ಬಿಡಿಸುತ್ತೆ. ಎರಡನೇ ಲೈಟಿನ ಕೆಲಸ ಪುಕ್ಕಟೆ. ಕಿಟಕಿ ಆಚೆ ಬರೀ ತೋಟ ಇದ್ರೆ ಆ ಗೆರೆ ಸ್ವಲ್ಪ ಹಸಿರಾಗಿ ಬರುತ್ತೆ, ಹಾಗಾಗಿ ಆಕಾಶ ಕಾಣೋ ಕಿಟಕಿ ಆರಿಸ್ಕೊಳ್ಳಿ.

ಅಜ್ಜಿಯವ್ರ ಒಡವೆ ಬಗ್ಗೆ. ಕೊಕ್ಕೆತಾತಿ, ಜೋಮಾಲೆ ಅನ್ನೋ ಬಂಗಾರದ ಸರ ಎಲ್ಲಾ ಕನ್ನಡಿ ತರ, ಎದುರಿಗಿರೋದನ್ನೇ ತೋರ್ಸುತ್ತೆ. ಬರೀ ಫ್ಲಾಶ್ ಹೊಡೆದ್ರೆ ಬಂಗಾರದ ಮೇಲೆ ಬಿಳಿ ಚುಕ್ಕೆ ಅಷ್ಟೇ, ಉಳಿದದ್ದು ಕಂದು. ಸಾಫ್ಟ್‌ಬಾಕ್ಸ್ ಹತ್ತಿರ ತಂದು ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಶೀಟ್ ನಿಲ್ಲಿಸಿದ್ರೆ ಬಂಗಾರ ಬಂಗಾರದ ಹಾಗೇ ಬರುತ್ತೆ. ಮತ್ತೆ ಕೊಡವ ಸೀರೆ ನೆರಿಗೆ ಇರೋದು ಹಿಂದೆ, ಎದುರಿಂದ ತೆಗೆದ್ರೆ ಉಟ್ಟ ಸೊಗಸು ಅರ್ಧಕ್ಕರ್ಧ ಕಾಣಲ್ಲ. ಒಂದಾದ್ರೂ ಫೋಟೋ ಅಜ್ಜಿ ಸ್ವಲ್ಪ ತಿರುಗಿ ನಿಂತು ಭುಜದ ಮೇಲಿಂದ ನೋಡೋ ಹಾಗೆ ತೆಗೀರಿ, ಲೈಟ್ ನೆರಿಗೆಗೆ ಅಡ್ಡಡ್ಡ ಬೀಳ್ಬೇಕು, ಆಗ್ಲೇ ಮಡಿಕೆ ಮಡಿಕೆ ಬೇರೆ ಕಾಣೋದು.

ತೋಟದಮನೆ ಹುಡ್ಗ:

ಅಬ್ಬಾ, ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಪಟ್ಟಿ ಹೋಯ್ತು. ಕತ್ತಲೆ ಫೋಟೋ ಪರೀಕ್ಷೆ ಮಾಡ್ದೆ, ಅಡುಗೆಮನೆ ಬಲ್ಬಿನ ಬೆಳಕು ಬಾಗಿಲಿಂದ ಬರ್ತಿತ್ತು, ಅದನ್ನೂ ಆರಿಸಿ ಅಂದಿದ್ದಕ್ಕೆ ಅಮ್ಮನ ಹತ್ರ ಬೈಸ್ಕೊಂಡೆ. ಕಿಟಕಿ ಐಡಿಯಾ ಸೂಪರ್, 1/60ಕ್ಕೇ ಭುಜದ ಗೆರೆ ಬಂತು, ಹಿಂದೆ ಹಲಗೆ ಗೋಡೆನೂ ಇದೆ ಅಂತ ಗೊತ್ತಾಗ್ತಿದೆ.

ಕನ್ನಡಕ ಮಾತ್ರ ಬಗ್ಗಲಿಲ್ಲ. ಅಜ್ಜ ತೆಗೆಯಲ್ಲ ಅಂತಾರೆ, ತೆಗೆದ್ರೆ ನಾನು ನಾನಲ್ಲ ಅಂತಾರೆ. ಗ್ಲಾಸ್ ತೆಗೆದ ಖಾಲಿ ಫ್ರೇಮ್ ಹಾಕಿಸಿ ಅಂತ ಒಂದು ಕಡೆ ನೋಡಿದೆ, ಅದು ನಮ್ಮಜ್ಜನ ಹತ್ರ ನಡೆಯೋ ಮಾತಲ್ಲ. ಇನ್ನೊಂದು, ಎಲ್ಲಾ ಸೇರಿ ಹತ್ತು ಹನ್ನೆರಡು ಜನರ ಗ್ರೂಪ್ ಫೋಟೋನೂ ಬೇಕಂತೆ, ಈ ಒಂದು ಫ್ಲಾಶಲ್ಲಿ ಆಗುತ್ತಾ?

ಹಳೇ ಡಾರ್ಕ್‌ರೂಮ್:

ಕನ್ನಡಕ ಅಂದ್ರೆ ಕೇರಂ ಆಟ, ಯಾವ ಕೋನದಲ್ಲಿ ಬಂದು ಬಡಿಯುತ್ತೋ ಅದೇ ಕೋನದಲ್ಲಿ ಆಚೆ ಹೋಗುತ್ತೆ. ಆಚೆ ಹೋಗೋ ದಾರೀಲಿ ನಿಮ್ ಲೆನ್ಸ್ ಇರಬಾರ್ದು ಅಷ್ಟೇ. ಲೈಟನ್ನ ಇನ್ನೂ ಒಂದಡಿ ಮೇಲೆತ್ತಿ. ಸಾಲ್ದಾ, ಕನ್ನಡಕದ ಕಡ್ಡಿನ ಕಿವಿ ಮೇಲಿಂದ ಒಂದು ಚೂರು ಎತ್ತಿಸಿ, ಕಾಲಿಂಚು ಸಾಕು, ಆಗ ಗಾಜು ನೆಲದ ಕಡೆ ಬಾಗುತ್ತೆ, ಎದುರಿಂದ ನೋಡಿದ್ರೆ ಗೊತ್ತಾಗಲ್ಲ. ಅದೂ ಸಾಲ್ದಿದ್ರೆ ಮುಖನ ಲೈಟಿಂದ ಸ್ವಲ್ಪ ಆಚೆಗೆ ತಿರುಗಿಸಿ, ಲೈಟ್ ಕಿವಿ ಕಡೆಯಿಂದ ಬರೋ ಹಾಗೆ. ಮುಖ ಅಗಲ ಕಾಣುತ್ತೆ ಆದ್ರೆ ಗಾಜು ಖಾಲಿ. ಎತ್ತಿ ಎತ್ತಿ ಕಣ್ಣಿನ ಚುಕ್ಕೆನೂ ಹೋಗೋ ಹಾಗಿದ್ರೆ ಅಜ್ಜನ ಮಡಿಲ ಹತ್ರ ಫ್ರೇಮಿಂದ ಕೆಳಗೆ ಥರ್ಮೋಕೋಲ್ ಮಲಗಿಸಿ, ಕೆಳಗಿಂದ ಸ್ವಲ್ಪ ಬೆಳಕು ಕಣ್ಣಿಗೆ ಬರುತ್ತೆ.

ಕೋವಿ ಹಿಡ್ಕೊಂಡು ತೆಗೆಸೋದಾದ್ರೆ ಅದಕ್ಕೂ ಇದೇ ಲೆಕ್ಕ. ಹಬ್ಬಕ್ಕೆ ಎಣ್ಣೆ ಹಾಕಿ ಒರೆಸಿ ಪೂಜೆಗೆ ಇಟ್ಟಿರೋ ನಳಿಗೆ ಮೇಲೆ ಉದ್ದಕ್ಕೆ ಬಿಳಿ ಗೆರೆ ಹೊಡೆಯುತ್ತೆ. ನಳಿಗೆನ ಒಂದೆರಡು ಇಂಚು ಆಚೀಚೆ ತಿರುಗಿಸಿದ್ರೆ ಸಾಕು, ಲೈಟ್ ಮುಟ್ಟೋಕೆ ಹೋಗ್ಬೇಡಿ. ಖಾಲಿ ಇದೆಯಾ ಅಂತ ಮೊದ್ಲು ನೋಡಿಸಿ, ಅದು ಫೋಟೋಗ್ರಾಫಿಗೆ ಸೇರಿದ್ದಲ್ಲ ಆದ್ರೂ ಹೇಳ್ದೆ.

ಗ್ರೂಪ್ ಆಗುತ್ತೆ, ಆದ್ರೆ ಆ ಸಾಫ್ಟ್‌ಬಾಕ್ಸ್ ಬೇಡ. ಹತ್ತಿರ ಇಟ್ರೆ ಲೈಟ್ ಕಡೆ ಕೂತವ್ರು ಬೆಳ್ಳಗೆ, ಆ ತುದಿಯವ್ರು ಕತ್ತಲೆ, ಗೋಣಿಕೊಪ್ಪ ಮೇಡಂ ಹೇಳಿದ ಕಾಲು ಭಾಗದ ಲೆಕ್ಕನೇ ಇಲ್ಲೂ. ದೊಡ್ಡ ಅಂಬ್ರೆಲಾ (ಬೆಳಕು ಹರಡೋ ಕೊಡೆ) ಹಾಕಿ ಲೈಟನ್ನ ಕ್ಯಾಮೆರಾ ಹತ್ರಾನೇ, ಸ್ವಲ್ಪ ಪಕ್ಕಕ್ಕೆ, ಎಲ್ರ ತಲೆಗಿಂತ ತುಂಬಾ ಮೇಲೆ, ಹತ್ತಡಿ ಹನ್ನೆರಡಡಿ ದೂರದಲ್ಲಿ ನಿಲ್ಲಿಸಿ. ಎರಡು ಸಾಲು ಇದ್ರೆ ಎಫ್ 8 ಬೇಕು, ಅದಕ್ಕೆ ಐಎಸ್‌ಒ 400 ಮಾಡಿ ಪವರ್ ಅರ್ಧ ಅಥವಾ ಫುಲ್. ಫುಲ್ ಹೊಡೆದ ಮೇಲೆ ಫ್ಲಾಶ್ ಮತ್ತೆ ತುಂಬ್ಕೊಳ್ಳೋಕೆ ಕೆಲವು ಸೆಕೆಂಡ್ ಬೇಕು, ದಡಬಡ ಒತ್ತಬೇಡಿ. ಕಣ್ಣು ಮುಚ್ಚೋರು ಯಾವಾಗ್ಲೂ ಒಬ್ರು ಇದ್ದೇ ಇರ್ತಾರೆ ಆ ಗ್ಯಾಪಲ್ಲಿ ಮಾತಾಡಿಸಿ.

ಸೋಮ್ವಾರ್‌ಪೇಟೆ ಸೋಂಬೇರಿ:

ಇಷ್ಟೆಲ್ಲಾ ಯಾಕೆ ಮಾರಾಯ್ರೆ, ಜಗಲಿ ಇದೆಯಲ್ಲ. ಮೋಡ ಕವಿದ ದಿನ ಇಡೀ ಆಕಾಶನೇ ಸಾಫ್ಟ್‌ಬಾಕ್ಸು. ಜಗಲಿ ಅಂಚಿಂದ ಎರಡಡಿ ಒಳಗೆ ಕೂರಿಸಿದ್ರೆ ಮೇಲಿಂದ ಬೀಳೋ ಬೆಳಕನ್ನ ಮಾಡು (ಸೂರು) ತಡೆಯುತ್ತೆ, ಎದುರಿಂದ ಮಾತ್ರ ಬರುತ್ತೆ, ಕಣ್ಣಿನ ಕೆಳಗೆ ಗುಳಿ ಇಲ್ಲ. ಕರೆಂಟು ಬೇಡ ಸೆಲ್ಲು ಬೇಡ.

ಹಳೇ ಡಾರ್ಕ್‌ರೂಮ್:

ಸೋಂಬೇರಿಯವ್ರು ಹೇಳಿದ್ದನ್ನ ಹಗುರ ಮಾಡ್ಬೇಡಿ. ಕರೆಂಟ್ ಲೈಟ್ ಬರೋಕೆ ಮುಂಚೆ ಸ್ಟುಡಿಯೋ ಅಂದ್ರೆ ಉತ್ತರಕ್ಕೆ ಮುಖ ಮಾಡಿದ ಗಾಜಿನ ಮಾಡು, ನೇರ ಬಿಸಿಲು ಬರಲ್ಲ, ಬೆಳಕು ದಿನವಿಡೀ ಹೆಚ್ಚುಕಮ್ಮಿ ಒಂದೇ ಸಮ. ಫ್ಲಾಶಿನ ಸಾಫ್ಟ್‌ಬಾಕ್ಸ್ ಮಾಡೋದು ಆ ಕಿಟಕಿಯ ನಕಲೇ. ಆದ್ರೆ ಹಬ್ಬದ ದಿನ ಊಟ ಮುಗಿಸಿ ಎಲ್ರೂ ರೆಡಿ ಆಗೋ ಹೊತ್ತಿಗೆ ಸಂಜೆ ಆಗಿರುತ್ತೆ, ಮಳೆ ಜಡಿ ಹಿಡಿದ್ರೆ ಜಗಲಿಗೆ ಎರಚಲು, ಆವಾಗ ಮೋಡನ ಕಾಯ್ಕೊಂಡು ಕೂರೋಕಾಗಲ್ಲ.

ನಾಪೋಕ್ಲು ನೆಟ್‌ವರ್ಕ್ ಇಲ್ಲ:

ತಡವಾಗಿ ಬರ್ತಿದ್ದೀನಿ, ಹೆಸರು ನೋಡಿದ್ರೆ ಕಾರಣ ಗೊತ್ತಾಗುತ್ತೆ. ಯಾರೂ ತೇವದ ಬಗ್ಗೆ ಹೇಳಿಲ್ಲ ಅಂತ ಬರೀತಿದ್ದೀನಿ.

ನಮ್ ಕಡೆ ಮಳೆಗಾಲದಲ್ಲಿ ಬೀರು ಒಳಗೆ ಬೆಲ್ಟು ಚಪ್ಪಲಿಗೇ ಬೂಷ್ಟು ಬರುತ್ತೆ, ಲೆನ್ಸು ಬಿಡುತ್ತಾ. ಕ್ಯಾಮೆರಾ ಬ್ಯಾಗಲ್ಲಿ ಮುಚ್ಚಿ ಇಡೋದೇ ಎಲ್ಲಕ್ಕಿಂತ ಕೆಟ್ಟದ್ದು, ಗಾಳಿ ಆಡಲ್ಲ, ಬ್ಯಾಗಿನ ಸ್ಪಾಂಜು ತೇವ ಹಿಡ್ಕೊಳ್ಳುತ್ತೆ. ದುಡ್ಡಿದ್ರೆ ಡ್ರೈ ಕ್ಯಾಬಿನೆಟ್, ಇಲ್ಲಾಂದ್ರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ಅಳೆಯೋ ಒಂದು ಚಿಕ್ಕ ಹೈಗ್ರೋಮೀಟರ್. ಮುಳ್ಳು ನೂರಕ್ಕೆ 40 ರಿಂದ 50ರ ಒಳಗೆ ಇರ್ಬೇಕು. ಬಣ್ಣ ಬದಲಾಗೋ ಜೆಲ್ ತಗೊಂಡ್ರೆ ಯಾವಾಗ ಒಣಗಿಸ್ಬೇಕು ಅಂತ ಗೊತ್ತಾಗುತ್ತೆ. ಸಾಫ್ಟ್‌ಬಾಕ್ಸನ್ನೂ ಒದ್ದೆ ಮಡಚಿ ಇಡಬೇಡಿ, ಒಳಗಿನ ಬಿಳಿ ಬಟ್ಟೆಗೆ ಕಲೆ ಬಂದ್ರೆ ಬೆಳಕೇ ಹಳದಿ.

ಸೆಲ್ಲು. ಟಿಟಿ600ಗೆ ನಾಲ್ಕು ಎಎ ಬೇಕು, ಅಂಗಡೀಲಿ ಸಿಗೋ ಮಾಮೂಲಿ ಸೆಲ್ ಹಾಕ್ಬೇಡಿ, ಒಂದಷ್ಟು ಫುಲ್ ಪವರ್ ಹೊಡೆತಕ್ಕೇ ಸುಸ್ತಾಗಿ ಪ್ರತಿ ಫೋಟೋಗೂ ಕಾಯಿಸುತ್ತೆ. ಚಾರ್ಜ್ ಆಗೋ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಎರಡು ಸೆಟ್ ಇಟ್ಕೊಳ್ಳಿ. ಬರೆದಿರೋದು 1.2 ವೋಲ್ಟ್ ಅಂತ ಆದ್ರೂ ಕರೆಂಟ್ ಜೋರಾಗಿ ಕೊಡುತ್ತೆ. ಕೆಲಸ ಆದ್ಮೇಲೆ ಸೆಲ್ ಹೊರಗೆ ತೆಗೆದಿಡಿ, ಒಳಗೇ ಸೋರಿದ್ರೆ ಫ್ಲಾಶ್ ಕಥೆ ಮುಗೀತು.

ಮುಂದೆ ದೊಡ್ಡ ಸ್ಟುಡಿಯೋ ಸ್ಟ್ರೋಬ್ ತಗೊಳ್ಳೋ ಯೋಚನೆ ಬಂದ್ರೆ ಗೋಡೆ ಕರೆಂಟಿಂದ ಓಡೋ 400 ವ್ಯಾಟ್ ಸೆಕೆಂಡಿನದು (ಅಂದ್ರೆ 400 ಜೂಲ್) ಅಗ್ಗಕ್ಕೆ ಸಿಗುತ್ತೆ ನಿಜ, ಆದ್ರೆ ಮನೆ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ರೆ ಅದಕ್ಕೆ ಸಿಕ್ಕಿಸ್ಬೇಡಿ, ಪ್ಯೂರ್ ಸೈನ್ ವೇವ್ ಬೇಕು, ಜೊತೆಗೆ ಅರ್ಥಿಂಗ್ ಸರಿ ಇರೋ ಮೂರು ಪಿನ್ನಿನ ಪ್ಲಗ್ಗು. ನಮ್ ಕಡೆಗೆ ಬ್ಯಾಟರಿ ಇರೋದೇ ವಾಸಿ, 200 ವ್ಯಾಟ್ ಸೆಕೆಂಡಿನ ಗೋಡಾಕ್ಸ್ ಎಡಿ200 ತರದ್ದು. ಮತ್ತೆ ಯಾವ ಫ್ಲಾಶ್ ಕೆಟ್ರೂ ನೀವೇ ಬಿಚ್ಚೋಕೆ ಹೋಗ್ಬೇಡಿ, ಒಳಗಿನ ಕೆಪ್ಯಾಸಿಟರ್ ಸೆಲ್ ತೆಗೆದ ಮೇಲೂ ನೂರಾರು ವೋಲ್ಟ್ ಹಿಡ್ಕೊಂಡಿರುತ್ತೆ, ಜೀವಕ್ಕೇ ಅಪಾಯ.

ಸ್ಟ್ಯಾಂಡ್ ಕಾಲಿಗೆ ಭಾರ ಹಾಕಿ. ಮರಳು ಚೀಲನೇ ಆಗ್ಬೇಕಂತಿಲ್ಲ, ಚಿಕ್ಕ ಗೋಣಿಚೀಲದಲ್ಲಿ ನಾಲ್ಕೈದು ಕೆಜಿ ಏನಾದ್ರೂ ತುಂಬಿ. ಹಬ್ಬದ ಮನೇಲಿ ಮಕ್ಳು ಓಡಾಡ್ತವೆ.

ತೋಟದಮನೆ ಹುಡ್ಗ:

ಬೂಷ್ಟಿನ ಮಾತು ಕೇಳಿ ಈಗ್ಲೇ ಲೆನ್ಸ್‌ಗಳನ್ನ ಬ್ಯಾಗಿಂದ ತೆಗೆದೆ. ಕಡ್ಡಿ ಎತ್ತೋ ಉಪಾಯ ಕೆಲಸ ಮಾಡ್ತು ಸರ್, ಲೈಟ್ ಒಂದಡಿ ಮೇಲೆ, ಕಡ್ಡಿ ಒಂಚೂರು ಮೇಲೆ, ಗಾಜು ಪೂರ್ತಿ ಕ್ಲೀನ್. ಅಜ್ಜಂಗೆ ಲೂಪಿಗಿಂತ ರೆಂಬ್ರಾಂಟೇ ಒಪ್ಪುತ್ತೆ, ಆದ್ರೆ ಅವ್ರು ನೋಡಿ ಅರ್ಧ ಮುಖಕ್ಕೆ ಯಾಕೆ ಬೆಳಕು ಹಾಕಿಲ್ಲ ಅಂದ್ರು. ಥರ್ಮೋಕೋಲ್ ಹತ್ರ ತಂದೆ, ಕತ್ತಲೆ ಪಕ್ಕ ಸ್ವಲ್ಪ ತಿಳಿಯಾಯ್ತು, ಈಗ ಪರ್ವಾಗಿಲ್ಲ ಅಂತಾರೆ.

ಅಂಬ್ರೆಲಾ ಎಷ್ಟು ಇಂಚಿಂದು ತಗೊಳ್ಳಿ? ಬೆಳಕು ದಾಟಿ ಬರೋ ಬಿಳಿದಾ, ಒಳಗೆ ಬೆಳ್ಳಿ ಇರೋ ಕಪ್ಪುದಾ?

ಗೋಣಿಕೊಪ್ಪ ಫ್ರೇಮ್ಸ್:

ಬಿಳಿದು ನಾಲ್ಕೂ ಕಡೆ ಬೆಳಕು ಚೆಲ್ಲುತ್ತೆ, ಬಿಳಿ ಗೋಡೆ ಇರೋ ಚಿಕ್ಕ ಕೋಣೇಲಿ ಅದು ಒಳ್ಳೇದೇ ಕೆಟ್ಟದ್ದೇ ಎರಡೂ. ನಿಮ್ದು ಮರದ ಗೋಡೆ, ಮೇಲೆ ಮರದ ಮಾಡು, ಕೆಳಗೆ ಕೆಂಪು ರೆಡ್ ಆಕ್ಸೈಡ್ ನೆಲ ಇರ್ಬೇಕು ಅಂದ್ಕೋತೀನಿ, ಚೆಲ್ಲಿದ ಬೆಳಕು ಎಲ್ಲಾ ಕೆಂಪಾಗಿ ವಾಪಸ್ ಬರುತ್ತೆ. ಅದಕ್ಕೆ ಒಳಗೆ ಬಿಳಿ ಇರೋ ಕಪ್ಪು ಅಂಬ್ರೆಲಾ ನೋಡಿ, 43 ಇಂಚು ಇಲ್ಲಾ ಅದಕ್ಕಿಂತ ದೊಡ್ಡದು. ಬೆಳ್ಳಿದು ಬೆಳಕು ಜಾಸ್ತಿ ಕೊಡುತ್ತೆ ಆದ್ರೆ ಗಡಸು, ಹಣೆ ಬೆವರು ಮಿಂಚುತ್ತೆ.

ತಗೊಳೋಕೆ ಮುಂಚೆ ನನ್ನ ಹತ್ರ ಒಂದಿದೆ, ಸೆಪ್ಟೆಂಬರ್ ಮೊದಲ ವಾರ ನನಗೆ ಮದುವೆ ಕೆಲಸ ಇಲ್ಲ. ಬೇಕಿದ್ರೆ ವಿರಾಜಪೇಟೆ ಬಸ್ಸಲ್ಲಿ ಕಳಿಸ್ತೀನಿ, ಸ್ಟ್ಯಾಂಡಿಗೆ ಬಂದು ಇಳಿಸ್ಕೊಳ್ಳಿ, ಮೆಸೇಜ್ ಹಾಕಿ. ಒಂದು ಕಡ್ಡಿ ಬಾಗಿದೆ, ಕೆಲಸಕ್ಕೇನೂ ತೊಂದ್ರೆ ಇಲ್ಲ.